ಕಪ್ಪಿಗೆ ಕಪ್ಪೇ ಜೋಡಿಯೇ?

ಮುದ್ದೆಗೆ ಸೊಪ್ಪಿನ ಸಾರು, ಅಕ್ಕಿರೊಟ್ಟಿಗೆ ಕಾಯಿಚಟ್ನಿ ಎಂದು ಜೋಡಿ ಮಾಡುವುದು ನಮಗೆ ಹೊಸದಲ್ಲ. ಆದರೆ ಹಾಡಿಗೂ ಪಾನೀಯಕ್ಕೂ ಜಾತಕ ಕೂಡಿಸುವ ಹವ್ಯಾಸವೊಂದು ಈಗ ಬಂದಿದೆ. ಇಂಥ ರಾಕ್ ಆಲ್ಬಮ್ಮಿಗೆ ಇಂಥ ಕ್ರಾಫ್ಟ್ ಬಿಯರ್ ಒಪ್ಪುತ್ತದೆ ಎಂದು ಬಲ್ಲವರು ಬರೆಯುತ್ತಾರೆ. ಕ್ರಾಫ್ಟ್ ಬಿಯರ್ ಎಂದರೆ ದೊಡ್ಡ ಕಾರ್ಖಾನೆಯದಲ್ಲ; ಸಣ್ಣ ಘಟಕಗಳಲ್ಲಿ, ಸ್ವಲ್ಪ ಸ್ವಲ್ಪವಾಗಿ ಮಾಡುವಂಥದು. ಅಮೆರಿಕದ ಡಾಗ್‌ಫಿಶ್ ಹೆಡ್ ಎಂಬ ಕಂಪನಿ 2013ರಲ್ಲಿ ಗ್ರೇಟ್‌ಫುಲ್ ಡೆಡ್ ತಂಡದ ‘ಅಮೆರಿಕನ್ ಬ್ಯೂಟಿ’ ಆಲ್ಬಮ್ಮಿನ ಹೆಸರನ್ನೇ ತನ್ನದೊಂದು ಬಿಯರಿಗೆ ಇಟ್ಟಿತು.

ಜೋಡಿ ಕೂಡಿಸುವವರ ಕೈಗೆ ಸುಲಭವಾಗಿ ಸಿಗುವ ಆಲ್ಬಮ್ ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’. ಚಂದ್ರನ ಕತ್ತಲ ಮಗ್ಗುಲು ಎಂದು ಅರ್ಥ. 1973ರ ಮಾರ್ಚ್‌ನಲ್ಲಿ ಬಂದದ್ದು. ಹೆಸರಿನಲ್ಲಿ ಕತ್ತಲು, ಹೊದಿಕೆಯೂ ಕಪ್ಪು. ಅಂದ ಮೇಲೆ ಗ್ಲಾಸಿನಲ್ಲಿ ಕಪ್ಪನೆಯ ಸ್ಟೌಟ್ ಇರಲಿ ಎನ್ನುತ್ತಾರೆ. ಸೀರೆಗೆ ಬ್ಲೌಸ್ ಪೀಸ್ ಹೊಂದಿಸಿದ ಹಾಗಾಯಿತು! ಜೋಡಿಯೇನೋ ಸರಿಯೇ. ಆದರೆ ಅವರು ಕೊಡುವ ಕಾರಣ ನನಗೆ ಸಾಲದು.

ಮೊದಲು ಬಿಯರನ್ನೇ ನೋಡೋಣ. ಮಗಳ ಮನೆಯಲ್ಲಿ ಎರಡು ಗುಟುಕು ಸ್ಟೌಟ್ ರುಚಿ ನೋಡಿದ್ದೇನೆ, ಓದುಗರು ಹುಬ್ಬೇರಿಸಬಾರದು. ಚಿಕೋರಿ ತುಸು ಹೆಚ್ಚಾದ ಡಿಕಾಕ್ಷನ್ನಿನಂಥ ಕಹಿ. ಅದರ ಕಪ್ಪು ಹುರಿದದ್ದರ ಕಪ್ಪು. ನಾವು ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿದು ಮಕ್ಕಳಿಗೆ ಮಾಲ್ಟ್ ಮಾಡುವುದಿಲ್ಲವೇ? ಅಲ್ಲಿ ರಾಗಿಯ ಬದಲು ಬಾರ್ಲಿ. ಅದನ್ನು ಸುಟ್ಟು ಹಾಳುಮಾಡದೆ ಕಪ್ಪಗೆ ಹುರಿಯುವ ಉರುಳೆಯಂತ್ರಕ್ಕೆ ಡೇನಿಯಲ್ ವೀಲರ್ ಎಂಬಾತ 1817ರಲ್ಲಿ ಪೇಟೆಂಟ್ ಪಡೆದ. ಸ್ಟೌಟನ್ನು ಐಸಿನಂತೆ ತಣ್ಣಗೆ ಕುಡಿಯಬಾರದಂತೆ. ತಣುವು ಬಿಡುತ್ತಾ ಬಂದಂತೆ ರುಚಿ ತೆರೆದುಕೊಳ್ಳುತ್ತದೆ. ಈ ಆಲ್ಬಮ್ಮೂ ಹಾಗೆಯೇ. ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುವ ಸುಮಾರು 43 ನಿಮಿಷಗಳ ಸಂಗೀತ. ನಡುವೆ ಕಾಲ, ಹಣ, ಸಾವು, ಬುದ್ಧಿಭ್ರಮಣೆ ಒಂದರೊಳಗೊಂದು ಕರಗುತ್ತಾ ಹೋಗುತ್ತವೆ. ಅವಸರದವರಿಗೆ ಎರಡೂ ದಕ್ಕುವುದಿಲ್ಲ.

ಆದರೆ ನಾನು ಹೇಳಬೇಕೆಂದಿರುವ ಜೋಡಿ ಬೇರೆ. ಗ್ರಾಮಫೋನ್ ತಟ್ಟೆಯ ಮೊದಲ ಮಗ್ಗುಲಿನ ಕೊನೆಯಲ್ಲಿ ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ ಎಂಬ ರಚನೆಯಿದೆ. ರಿಚರ್ಡ್ ರೈಟ್ ಪಿಯಾನೋ ನುಡಿಸುತ್ತಾರೆ, ಅದರ ಮೇಲೆ ಒಂದು ಹೆಣ್ಣುದನಿ. ಸಾಹಿತ್ಯವೇ ಇಲ್ಲ, ಬರೀ ಆಲಾಪ. ಮೊದಲು ಮುಗಿಲು ಹರಿಯುವಂತೆ ಕೂಗಿ, ಆಮೇಲೆ ದಣಿದು, ಪಿಸುಮಾತಿನಷ್ಟು ಇಳಿದುಬಿಡುತ್ತದೆ. ಸಾವಿನ ಮನೆಯಲ್ಲಿ ಅತ್ತು ಅತ್ತು ಸೋತ ಹೆಂಗಸರ ದನಿ ಕೇಳಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಇಡೀ ಆಲ್ಬಮ್ಮಿನಲ್ಲಿ ಯಂತ್ರದ ಚಮತ್ಕಾರ ಬಹಳ. ಈ ನಾಲ್ಕೂ ಮುಕ್ಕಾಲು ನಿಮಿಷ ಮಾತ್ರ ರಕ್ತಮಾಂಸದ್ದು.

ಹಾಡಿದವಳು ಕ್ಲೇರ್ ಟೋರಿ. ಆಗ ಇಪ್ಪತ್ತೈದರ ವಯಸ್ಸು, ಕರೆದಲ್ಲಿಗೆ ಹೋಗಿ ಹಾಡಿ ಕೂಲಿ ಪಡೆಯುವ ಗಾಯಕಿ. 1973ರ ಜನವರಿಯ ಒಂದು ಭಾನುವಾರ ಲಂಡನ್ನಿನ ಆಬೇ ರೋಡ್ ಸ್ಟುಡಿಯೋಕ್ಕೆ ಬಂದಳು. ಅವಳ ಮುಂದೆ ಪದವೂ ಇರಲಿಲ್ಲ, ಬರೆದಿಟ್ಟ ರಾಗವೂ ಇರಲಿಲ್ಲ. ತನ್ನ ಕಂಠವನ್ನೇ ಒಂದು ವಾದ್ಯ ಎಂದುಕೊಂಡು ಆ ಗಳಿಗೆಯಲ್ಲೇ ಕಟ್ಟಿದಳು. ಸಿಕ್ಕಿದ್ದು 30 ಪೌಂಡ್. ತಟ್ಟೆಯ ಮೇಲೆ ಗಾಯಕಿ ಎಂದು ಹೆಸರೇನೋ ಬಂತು. ರಚನೆ ಮಾತ್ರ ರೈಟ್ ಒಬ್ಬರದೇ ಎಂದಾಯಿತು. ಆಲ್ಬಮ್ ಕೋಟಿಗಟ್ಟಲೆ ಮಾರಿತು. ಮೂವತ್ತೊಂದು ವರ್ಷಗಳ ಮೇಲೆ, 2004ರಲ್ಲಿ, ಅವಳು ದಾವೆ ಹೂಡಿದಳು. 2005ರಲ್ಲಿ ರಾಜಿಯಾಯಿತು. ಆನಂತರದ ಮುದ್ರಣಗಳಲ್ಲಿ ರಚನೆ ರೈಟ್ ಮತ್ತು ಟೋರಿ ಇಬ್ಬರದು.

ಈಗ ಮತ್ತೆ ಬಿಯರಿಗೆ ಬನ್ನಿ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಿಯರಿನ ಹಿಂದಿನ ರೂಪವಾದ ಏಲ್ ಹೆಚ್ಚಾಗಿ ಮನೆಯ ಹೆಂಗಸರ ಕೈಕೆಲಸ. ಮನೆಮಂದಿಗೆ ಆಗಿ ಮಿಕ್ಕಿದ್ದನ್ನು ನೆರೆಯವರಿಗೆ ಮಾರುತ್ತಿದ್ದರು. ಹಾಗೆ ಮಾಡುವವಳಿಗೆ ‘ಬ್ರೂಸ್ಟರ್’ ಎಂಬ ಹೆಸರೇ ಇತ್ತು. ಕೆಡದಂತೆ ಕಾಯುವ ಹಾಪ್ಸ್ ಹೂವು ಬಂತು, ದೊಡ್ಡ ಕಡಾಯಿ ಬಂತು, ಬಂಡವಾಳ ಬಂತು. ಕಸುಬು ನಿಧಾನವಾಗಿ ಗಂಡಸರ ಪಾಲಾಯಿತು. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಭಾರಿ ಕಾರ್ಖಾನೆಗಳಲ್ಲಿ ಸ್ಟೌಟ್ ರೂಪುಗೊಳ್ಳುವ ಹೊತ್ತಿಗೆ ಅವಳ ಕಸುಬಾಗಿ ಅದು ಉಳಿದಿರಲಿಲ್ಲ. ಉಪ್ಪಿನಕಾಯಿ ಮನೆಯಲ್ಲಿ ಅಜ್ಜಿಯದು, ಅಂಗಡಿಗೆ ಬಂದರೆ ಕಂಪನಿಯದು ಎನ್ನುವ ಹಾಗೆ.

ಆದ್ದರಿಂದ ಆ ಗ್ಲಾಸಿಗೂ ಈ ತಟ್ಟೆಗೂ ಹೊಂದುವುದು ಬಣ್ಣವೊಂದೇ ಅಲ್ಲ. ಎರಡರಲ್ಲೂ ಹೆಣ್ಣಿನ ದುಡಿಮೆಯಿದೆ, ಲೆಕ್ಕ ಬೇರೆಯವರ ಹೆಸರಿನಲ್ಲಿದೆ. ಜೋಡಿ ಮಾಡುವ ವಿಮರ್ಶಕರು ನಾಲಗೆಯನ್ನೂ ಕಿವಿಯನ್ನೂ ಕೇಳುತ್ತಾರೆ. ಯಾರು ಮಾಡಿದ್ದು, ಅವರಿಗೆ ಏನು ಸಿಕ್ಕಿತು ಎಂದೂ ಕೇಳಿದರೆ ರುಚಿ ಕೆಡುವುದಿಲ್ಲ.

ತಟ್ಟೆ ತಿರುವಿ ಹಾಕಿದರೆ ಎರಡನೆಯ ಮಗ್ಗುಲಿನ ಮೊದಲ ಹಾಡು ‘ಮನಿ’. ಅಂಗಡಿಯ ಗಲ್ಲಾಪೆಟ್ಟಿಗೆಯ ಸದ್ದಿನಿಂದಲೇ ಅದು ಆರಂಭ. ತಾಳ ಏಳೆಣಿಕೆಯದು, ನಮ್ಮ ಮಿಶ್ರಛಾಪಿನಂತೆ. ಕೈಯಲ್ಲಿ ಹಾಕಿ ನೋಡಿ. ಟೋರಿಯ ದನಿ ಅಡಗಿದ ಮೇಲೆ ಕೇಳಿಬರುವುದು ಚಿಲ್ಲರೆಯ ಝಣಝಣ. ಬೇಕೆಂದೇ ಹೀಗೆ ಜೋಡಿಸಿದರೆಂದು ನಾನು ಹೇಳಲಾರೆ. ಕತೆ ಗೊತ್ತಾದ ಮೇಲೆ ಮಾತ್ರ ಬೇರೆ ರೀತಿ ಕೇಳಲು ಆಗುವುದಿಲ್ಲ. ಕೇಳುವಾಗ ಸ್ಟೌಟ್ ಬೇಡವೆನ್ನುವವರು ಸಕ್ಕರೆ ಹಾಕದ ಡಿಕಾಕ್ಷನ್ ಹಿಡಿದು ಕೂರಬಹುದು, ಕಹಿಗೇನೂ ಕೊರತೆಯಾಗದು.