98ರ ಲೆಕ್ಕದಲ್ಲಿ ಕಳೆದುಹೋದ ಒಂದು ಮಾತು

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮೇಲೆ ನಡೆದ ದೌರ್ಜನ್ಯದ ತೀರ್ಪನ್ನು ಹೊಗಳಿದವರು ಅಂಕಿಯನ್ನು ಹೊಗಳಿದರೇ ಹೊರತು ತೀರ್ಪನ್ನು ಓದಿದಂತೆ ಕಾಣಲಿಲ್ಲ. 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ‘ಐತಿಹಾಸಿಕ’ ಎಂದು ಸಂಭ್ರಮಿಸಿದ್ದಾಯಿತು. ತಿಂಗಳು ತುಂಬುವ ಮೊದಲೇ ಹೈಕೋರ್ಟಿನ ಧಾರವಾಡ ಪೀಠ 97 ಮಂದಿಗೆ ಜಾಮೀನು ಕೊಟ್ಟಾಗ ಅದೇ ಬಾಯಿಗಳಿಗೆ ಬೀಗ ಬಿತ್ತು. ಅಂಕಿಯನ್ನೇ ನೆಚ್ಚಿಕೊಂಡ ಕೀರ್ತಿಯ ಪಾಡು ಇಷ್ಟೇ.

ತೀರ್ಪಿನ ತೂಕ ಇರುವುದು ಬೇರೆ ಕಡೆ. ನ್ಯಾಯಾಧೀಶ ಸಿ. ಚಂದ್ರಶೇಖರ್ ಅದರಲ್ಲಿ ಅಮೆರಿಕದ ಕಪ್ಪು ಗಾಯಕಿ ಮರಿಯನ್ ಆಂಡರ್ಸನ್ ಮಾತನ್ನು ಉದ್ಧರಿಸಿದ್ದಾರೆ: ಇನ್ನೊಬ್ಬರನ್ನು ನೆಲಕ್ಕೆ ಒತ್ತಿ ಹಿಡಿಯಬೇಕಾದರೆ ಹಿಡಿದವರೂ ನೆಲದಲ್ಲೇ ಇರಬೇಕಾಗುತ್ತದೆ ಎಂಬುದು ಅದರ ತಾತ್ಪರ್ಯ. ಕೊಪ್ಪಳದ ಕೋರ್ಟಿಗೆ ಅಮೆರಿಕ ಯಾಕೆ, ನಮ್ಮಲ್ಲಿ ವಚನಗಳಿರಲಿಲ್ಲವೇ ಎಂದು ಕೆಲವರು ಮೂಗು ಮುರಿಯಬಹುದು. ಶಾಂತಿಸಭೆಗಳಲ್ಲಿ ಹೇಳಿ ಹೇಳಿ ವಚನಗಳೀಗ ಯಾರಿಗೂ ತಾಕುತ್ತಿಲ್ಲ, ಸ್ವಾಮಿ! ಆಂಡರ್ಸನ್‌ಗೆ 1939ರಲ್ಲಿ ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಷನ್ ಹಾಲ್ ಬಾಗಿಲು ತೆರೆಯಲಿಲ್ಲ. ಆಕೆ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಹಾಡಿದರು. ಮರಕುಂಬಿಯ ತಕರಾರೂ ಬಾಗಿಲಿನದೇ. 2014ರ ಆಗಸ್ಟ್ 28ರಂದು ದಲಿತರ ಗುಡಿಸಲುಗಳಿಗೆ ಬೆಂಕಿ ಬಿದ್ದದ್ದರ ಹಿಂದೆ ಇದ್ದದ್ದು ಕ್ಷೌರದಂಗಡಿ, ಹೋಟೆಲುಗಳ ಪ್ರವೇಶದ ಪ್ರಶ್ನೆ. ಅದಕ್ಕೂ ಮುನ್ನ ನಡೆದ ಸಿನಿಮಾ ಮಂದಿರದ ಜಗಳವೇ ಕಾರಣವೆಂದು ಬರೆಯುವ ವಿಶ್ಲೇಷಕರಿಗೆ ಕಡ್ಡಿ ಗೀರಿದ್ದು ಕಾಣುತ್ತದೆ, ಬಣವೆ ಒಟ್ಟಿದ್ದು ಕಾಣುವುದಿಲ್ಲ.

ಆದರೂ ಆ ಉದ್ಧರಣೆ ನನ್ನನ್ನು ಕಾಡುತ್ತದೆ. ಅದು ಮಾತನಾಡುವುದು ಯಾರೊಡನೆ? ಒತ್ತಿ ಹಿಡಿದವನೊಡನೆ; ನಷ್ಟ ನಿನಗೂ ಇದೆಯಪ್ಪಾ ಎಂದು ಅವನಿಗೆ ತಿಳಿಹೇಳುತ್ತದೆ. ಹಿಡಿದವರು, ಹಿಡಿಸಿಕೊಂಡವರು ಎಂದು ಎರಡೇ ಪಾಲು ಮಾಡಿಕೊಂಡ ಮಾತು ಅದು. ಮರಕುಂಬಿ ಅಷ್ಟು ಸಲೀಸಲ್ಲ. ಅಪರಾಧಿಗಳಾದ 101 ಮಂದಿಯಲ್ಲಿ ಮೂವರಿಗೆ 5 ವರ್ಷವಷ್ಟೇ ಶಿಕ್ಷೆಯಾಯಿತು. ಕಾರಣ, ಅವರೇ ಪರಿಶಿಷ್ಟರು. ದೌರ್ಜನ್ಯ ತಡೆ ಕಾಯ್ದೆ ಅವರಿಗೆ ಅನ್ವಯಿಸದು. ಒತ್ತಿದ ಕೈಗಳಲ್ಲಿ ಒತ್ತಿಸಿಕೊಂಡವರ ಕೈಯೂ ಇತ್ತು.

ಈ ಮೂವರ ಬಗ್ಗೆ ನಮ್ಮ ವಿಮರ್ಶಕರದು ಜಾಣ ಮೌನ. ಮಾತನಾಡಿದರೆ ಅಲ್ಪಸಂಖ್ಯಾತರು, ಹಿಂದುಳಿದವರು, ದಲಿತರೆಲ್ಲ ಒಂದೇ ಪಾಲು ಎನ್ನುವ ಇಂದಿನ ಅಹಿಂದ ರಾಜಕಾರಣವನ್ನು ಕೆಣಕಬೇಕಾಗುತ್ತದೆ. ದೇವರಾಜ ಅರಸು ಕಾಲ, ಕನ್ನಡ ಸಾಹಿತ್ಯವನ್ನು ಬೂಸಾ ಎಂದ ಮಾತಿಗೆ ಎದ್ದ 1973ರ ಬೂಸಾ ಗಲಾಟೆ, ಆ ಮಾತಾಡಿದ ಸಚಿವ ಬಸವಲಿಂಗಪ್ಪನವರ ರಾಜೀನಾಮೆ, ದಲಿತ ಸಂಘರ್ಷ ಸಮಿತಿ ಎಲ್ಲವೂ ಈ ರಾಜಕಾರಣದ ಪಿತ್ರಾರ್ಜಿತ. ಹಿಂದುಳಿದವರನ್ನೂ ದಲಿತರನ್ನೂ ಒಂದೇ ವೇದಿಕೆಗೆ ಹತ್ತಿಸಿದ್ದು ಅದರ ಸಾಧನೆ, ಒಪ್ಪೋಣ. ಆ ಸ್ನೇಹ ವೇದಿಕೆ ಇಳಿದು ಊರೊಳಗಿನ ಅಂಗಡಿಗೆ ಬರಲಿಲ್ಲ. ದಲಿತ ಚಳವಳಿ ಒಡೆದದ್ದೇ ಎಲ್ಲಕ್ಕೂ ಕಾರಣ ಎಂಬ ಹಳೆಯ ಕೊರಗನ್ನೂ ನಾನು ಒಪ್ಪೆ; ಹತ್ತು ವರ್ಷ ಕೇಸು ನಿಂತದ್ದು ಮರಕುಂಬಿಯ ಕೇರಿಯವರು ಕೋರ್ಟಿನಲ್ಲಿ ಸಾಕ್ಷಿ ನುಡಿದದ್ದರಿಂದ. ಅದೂ ಚಳವಳಿಯೇ.

ಸ್ನೇಹವನ್ನು ಅಂಗಡಿಯವರೆಗೆ ತರುವ ಬದಲು ಪಕ್ಷಗಳಿಗೆ ಸಲೀಸಾದದ್ದು ಹೆಸರಿಡುವ ಕೆಲಸ. 2021ರಲ್ಲಿ ಇದೇ ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಮಗು ಗುಡಿಯೊಳಗೆ ಹೋದದ್ದಕ್ಕೆ 25 ಸಾವಿರ ರೂಪಾಯಿ ದಂಡ ಕೇಳಿದರು. ಮರುವರ್ಷ ಸರ್ಕಾರ ಸಾಮರಸ್ಯ ಯೋಜನೆಯೊಂದಕ್ಕೆ ಆ ಮಗುವಿನ ಹೆಸರಿಟ್ಟಿತು. 2024ರ ಆಗಸ್ಟ್‌ನಲ್ಲಿ, ಮರಕುಂಬಿ ತೀರ್ಪಿಗೆ ಎರಡು ತಿಂಗಳಿರುವಾಗ, ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕ್ಷೌರ ಮಾಡು ಎಂದು ಕೇಳಿದ ದಲಿತ ಯುವಕ ಕತ್ತರಿ ಇರಿತಕ್ಕೆ ಸತ್ತ. ‘ಅಂಗಡಿ’ ಎಂದರೆ ಕ್ಷೌರದಂಗಡಿಯೂ ಸೇರಿತು ಎಂದು ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲೇ ಬರೆದಿದೆ. ಆ ಕಾಯ್ದೆ 1955ರದು.