ಮಾವಿನ ಸಿಹಿಯಲ್ಲಿ ಮುಳುಗಿದ ಟಾಕೊ

ಜರ್ಕ್ ಚಿಕನ್ ಟಾಕೊ ಜಮೈಕಾದ ತಿನಿಸಲ್ಲ, ಮೆಕ್ಸಿಕೊದ್ದೂ ಅಲ್ಲ. ಮಸಾಲೆ ಒಂದು ದೇಶದ್ದು, ರೊಟ್ಟಿ ಇನ್ನೊಂದರದ್ದು. ಹಾಗೆಂದು ಮೂಗು ಮುರಿಯಬೇಕಿಲ್ಲ. ಮೆಕ್ಸಿಕೊದವರು ಹೆಮ್ಮೆಯಿಂದ ತಿನ್ನುವ ‘ಆಲ್ ಪಾಸ್ತೋರ್’ ಟಾಕೊ ಕೂಡ ಲೆಬನಾನ್‌ನಿಂದ ವಲಸೆ ಬಂದವರು ಮಾಂಸವನ್ನು ಕಂಬಿಗೆ ಚುಚ್ಚಿ ಸುಡುತ್ತಿದ್ದ ಪದ್ಧತಿಯಿಂದ ಹುಟ್ಟಿದ್ದು. ಬೆರಕೆಗೆ ಯಾರ ಅಡ್ಡಿಯೂ ಇಲ್ಲ. ಬೆರೆತ ಮೇಲೆ ನಾಲಿಗೆಗೆ ಏನು ಉಳಿಯಿತು ಎಂಬುದಷ್ಟೇ ಮುಖ್ಯ.

ಅಮೆರಿಕದ ಕೆರಿಬಿಯನ್ ಶೈಲಿಯ ರೆಸ್ಟೋರೆಂಟ್-ಬಾರ್‌ಗಳಲ್ಲಿ ಮೊದಲು ಉಳಿಯುವುದು ಅಲಂಕಾರ. ಆಲಿವ್ ಗಾರ್ಡನ್ ರೆಸ್ಟೋರೆಂಟ್‌ಗಳನ್ನು ನಡೆಸುವ ಡಾರ್ಡೆನ್ ಕಂಪನಿ 1996ರಲ್ಲಿ ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಆರಂಭಿಸಿದ ಬಹಾಮಾ ಬ್ರೀಜ್ ಈ ಮಾದರಿಗೆ ದೊಡ್ಡ ಉದಾಹರಣೆಯಾಗಿತ್ತು. ಮರದ ಜಗುಲಿ, ತಾಳೆಗಿಡ, ಸಂಜೆಯ ಸಂಗೀತ, ಬಣ್ಣದ ಪಾನೀಯ. ತೆಂಗಿನ ತುರಿ ಹೊದ್ದು ಕರಿದ ಸಿಗಡಿ, ಜರ್ಕ್ ಚಿಕನ್ ಪಾಸ್ತಾ, ಮೀನಿನ ಟಾಕೊ ಎಲ್ಲವೂ ಒಂದೇ ಮೆನುವಿನಲ್ಲಿ. ಹತ್ತಾರು ದ್ವೀಪಗಳು ಇಲ್ಲಿ ಒಂದೇ ರಜಾದಿನವಾಗಿ ಕುಗ್ಗಿದ್ದವು. ಜನ ಬಂದರು, ವರ್ಷಗಟ್ಟಲೆ ಬಂದರು. ಆದರೂ 2025ರ ಮೇ ತಿಂಗಳಲ್ಲಿ ಕಂಪನಿ ಒಮ್ಮೆಗೇ 15 ಶಾಖೆಗಳನ್ನು ಮುಚ್ಚಿತು.

ಈಗ ಆ ಜರ್ಕ್ ಟಾಕೊವನ್ನೇ ನೋಡೋಣ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಜಮೈಕಾದ ಬೆಟ್ಟಗಳಲ್ಲಿ ನೆಲೆಸಿದ ಮರೂನರು ಕಾಡುಹಂದಿಯನ್ನು ಮಸಾಲೆಯಲ್ಲಿ ನೆನೆಸಿ ಸುಡುತ್ತಿದ್ದ ಪದ್ಧತಿಯೇ ಜರ್ಕ್. ಸ್ಕಾಚ್ ಬಾನೆಟ್ ಮೆಣಸಿನಕಾಯಿ, ಥೈಮ್, ಈರುಳ್ಳಿ ಸೊಪ್ಪು, ಜೊತೆಗೆ ಆಲ್‌ಸ್ಪೈಸ್, ಅಂದರೆ ನಮ್ಮ ಮಲೆನಾಡಿನ ನರ್ಸರಿಗಳಲ್ಲೂ ಸಿಗುವ ಸರ್ವಸಾಂಬಾರ. ಕಾಳು ಮಸಾಲೆಗಾದರೆ ಅದೇ ಮರದ ಕಟ್ಟಿಗೆ ಬೆಂಕಿಗೆ. ಪೋರ್ಟ್‌ಲ್ಯಾಂಡ್ ಪ್ರಾಂತದ ಬಾಸ್ಟನ್ ಬೇ ಎಂಬಲ್ಲಿ ಇವತ್ತಿಗೂ ಆ ಹೊಗೆಯ ಮೇಲೆ ಮಾಂಸ ನಿಧಾನವಾಗಿ ಬೇಯುತ್ತದೆ. ಟಾಕೊ ಬಾರಿನ ಅಡುಗೆಮನೆಯಲ್ಲಿ ಆ ವೇಳೆಯೂ ಇಲ್ಲ, ಕಟ್ಟಿಗೆಯೂ ಇಲ್ಲ. ಗ್ಯಾಸ್ ಮೇಲೆ ಸುಟ್ಟ ಕೋಳಿಗೆ ಜರ್ಕ್ ಸಾಸ್ ಸವರಿ, ಖಾರ ಯಾರ ಕಣ್ಣಲ್ಲೂ ನೀರು ತರಿಸದಿರಲೆಂದು ಮೇಲೆ ಮಾವಿನ ಸಾಲ್ಸಾ ಸುರಿಯುವುದೇ ರೂಢಿ. ಖಾರದ ಮೇಲೆ ಸಿಹಿ ಕೂರುವುದು ತಪ್ಪಲ್ಲ. ಖಾರವನ್ನೇ ತೆಗೆದು ಸಿಹಿಯನ್ನು ಮಾತ್ರ ಬಡಿಸಿದರೆ ಅದು ಫ್ರೂಟ್ ಸಲಾಡ್.

ಮೆಕ್ಸಿಕೊಗೂ ಕೆರಿಬಿಯನ್ ಕರಾವಳಿಯಿದೆ ಎಂಬುದು ಈ ಮೆನುಗಳಿಗೆ ಮರೆತೇಹೋದಂತಿದೆ. ಯುಕಟಾನ್ ಪರ್ಯಾಯದ್ವೀಪದ ಕೊಚಿನಿತಾ ಪಿಬಿಲ್ ಕೆರಿಬಿಯನ್ ಟಾಕೊ ಎಂಬ ಹೆಸರಿಗೆ ಹೆಚ್ಚು ಯೋಗ್ಯ. ಅಚಿಯೋಟೆ ಬೀಜ, ಹುಳಿ ಕಿತ್ತಳೆ ರಸದಲ್ಲಿ ನೆನೆದ ಹಂದಿಮಾಂಸವನ್ನು ಬಾಳೆಎಲೆಯಲ್ಲಿ ಸುತ್ತಿ ನೆಲದ ಕುಳಿಯಲ್ಲಿ ಬೇಯಿಸಿ, ಹಬನೆರೊ ಮೆಣಸಿನಕಾಯಿ, ಹುಳಿರಸದಲ್ಲಿ ನೆನೆಸಿಟ್ಟ ಕೆಂಪು ಈರುಳ್ಳಿಯೊಡನೆ ಕೊಡುತ್ತಾರೆ. ಹುಳಿಯಿದೆ, ಖಾರವಿದೆ, ಎಲೆಯ ಪರಿಮಳವಿದೆ. ಮಾವಿನಹಣ್ಣಿನ ಹಂಗಿಲ್ಲ.

ಬಾರಿನ ಕಡೆ ತಿರುಗಿದರೆ ಪರಿಸ್ಥಿತಿ ಪರವಾಗಿಲ್ಲ. ರಮ್ ಆದರೂ ನಿಜವಾಗಿ ದ್ವೀಪಗಳದು. ಪೀನಾ ಕೊಲಾಡಾ ಎಂಬ ರಮ್ ಪಾನೀಯ ತನ್ನದೆಂದು ಪೋರ್ಟೊರಿಕೊದ ಸಾನ್ ಹ್ವಾನ್‌ನ ಕರೀಬೆ ಹಿಲ್ಟನ್ ಹೋಟೆಲು ಹೇಳಿಕೊಳ್ಳುತ್ತದೆ, 1954ರ ಲೆಕ್ಕ ಕೊಡುತ್ತದೆ. ಅನಾನಸ್, ತೆಂಗು ಎರಡೂ ಅದರೊಳಗೆ ಸಹಜವಾಗಿಯೇ ಇವೆ. ಬಾರಿನ ಕೈಗುಣ ತಿಳಿಯಬೇಕಾದರೆ ಮಾತ್ರ ಕ್ಯೂಬಾದ ಡೈಕಿರಿ ಕೇಳಬೇಕು. ರಮ್, ನಿಂಬೆರಸ, ಸಕ್ಕರೆ, ಇಷ್ಟೇ. ಅದರ ಬದಲು ಯಂತ್ರದಿಂದ ಸ್ಟ್ರಾಬೆರಿ ಬಣ್ಣದ ಐಸ್ ಇಳಿದರೆ, ಬಿಯರ್ ತರಿಸುವುದು ಮೇಲು.

ಈ ಮೆನುಗಳಲ್ಲಿ ಕಾಣದ ಒಂದು ತಿನಿಸಿನ ಬಗ್ಗೆ ನಿಜವಾದ ತಕರಾರಿದೆ. ಟ್ರಿನಿಡಾಡ್‌ನ ಡಬಲ್ಸ್. 1845ರಿಂದ 1917ರವರೆಗೆ ಆ ದ್ವೀಪದ ಕಬ್ಬಿನ ಗದ್ದೆಗಳಿಗೆ ಕರಾರು ಕೂಲಿಗಳಾಗಿ ಹೋದ ಭಾರತೀಯರಲ್ಲಿ ಹೆಚ್ಚಿನವರು ಭೋಜ್‌ಪುರಿ ಸೀಮೆಯವರು. ಅವರ ಮೊಮ್ಮಕ್ಕಳ ಕಾಲಕ್ಕೆ ಅರಿಶಿನ ಹಾಕಿ ಕರಿದ ಎರಡು ಮೆತ್ತನೆಯ ‘ಬಾರಾ’, ನಡುವೆ ಕಡಲೆ ಪಲ್ಯ, ಹುಣಸೆ ಚಟ್ನಿ, ಮೆಣಸಿನ ಸಾಸ್, ಮಾವಿನಕಾಯಿಯ ಕುಚೇಲಾ ಉಪ್ಪಿನಕಾಯಿ ಸೇರಿ ಇಡೀ ದ್ವೀಪದ ಬೆಳಗಿನ ತಿಂಡಿಯಾಯಿತು. ಕೈಯಲ್ಲೇ ಮಡಚಿ ತಿನ್ನುವ, ಅಗ್ಗದ, ಅಪ್ಪಟ ಕೆರಿಬಿಯನ್ ತಿನಿಸು ಇದು, ಮಾಂಸವೂ ಇಲ್ಲ. ಟೆಕ್ಸಸ್‌ನಲ್ಲೋ ಫ್ಲಾರಿಡಾದಲ್ಲೋ ಗೆಳೆಯರ ಜೊತೆ ಇಂಥ ಬಾರಿಗೆ ಹೋದ ಸಸ್ಯಾಹಾರಿ ಕನ್ನಡಿಗರ ಮುಂದೆ ಅದನ್ನು ಇಡುವುದು ಬಿಟ್ಟು, ಕಪ್ಪು ಬೀನ್ಸ್ ತುಂಬಿದ ಟಾಕೊ ಇಟ್ಟು, ಅದರ ಮೇಲೂ ಮಾವಿನ ಸಾಲ್ಸಾ ಹಾಕಿಕೊಡುತ್ತಾರೆ.