ಎರಡು ಕೋಣೆ, ನಡುವೆ ಬಾಗಿಲಿಲ್ಲ

‘1.6ಕ್ಕೆ 1.6 ಸೇರಿಸಿದರೆ 3.2 ಗಿಗಾಹರ್ಟ್ಸ್ ಆಗಲಿಲ್ಲವೇ ಸಾರ್?’

2007ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ಡ್ಯುಯಲ್ ಕೋರ್ ಮಹಿಮೆಯನ್ನು ನನಗೆ ತಿಳಿಸಿಕೊಟ್ಟದ್ದು ಹೀಗೆ. ಲೆಕ್ಕ ತಪ್ಪೆಂದು ಹೊಳೆಯುವ ಹೊತ್ತಿಗೆ ದುಡ್ಡು ಎಣಿಸಿಕೊಟ್ಟಾಗಿತ್ತು. ಎರಡು ಎತ್ತು ಕಟ್ಟಿದ ಮಾತ್ರಕ್ಕೆ ಗಾಡಿ ಎರಡರಷ್ಟು ವೇಗವಾಗಿ ಓಡುವುದಿಲ್ಲ ಎಂಬುದು ಹಳ್ಳಿಯಲ್ಲಿ ಹುಟ್ಟಿದ ನನಗಾದರೂ ನೆನಪಾಗಬೇಕಿತ್ತು.

ಪರ್ಸನಲ್ ಕಂಪ್ಯೂಟರಿಗೆ ಎರಡನೆಯ ಕೋರ್, ಅಂದರೆ ಚಿಪ್ಪಿನೊಳಗೆ ಲೆಕ್ಕ ಮಾಡುವ ಎರಡನೆಯ ಘಟಕ, ಬಂದದ್ದು ಇಕ್ಕಟ್ಟಿನ ಕಾರಣದಿಂದ. ಪೆಂಟಿಯಂ 4 ಕಾಲದಲ್ಲಿ ಇಂಟೆಲ್ ಗಿಗಾಹರ್ಟ್ಸನ್ನು ಏರಿಸುತ್ತಲೇ ಹೋಯಿತು. ವೇಗ ಏರಿಸಲು ವೋಲ್ಟೇಜನ್ನೂ ಏರಿಸಬೇಕು. ವಿದ್ಯುತ್ತಿನ ಖರ್ಚು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 3.8 ಗಿಗಾಹರ್ಟ್ಸ್ ಮುಟ್ಟುವಷ್ಟರಲ್ಲಿ ಚಿಪ್ ಒಲೆಯಾಗಿತ್ತು. 2004ರ ಅಕ್ಟೋಬರಿನಲ್ಲಿ 4 ಗಿಗಾಹರ್ಟ್ಸಿನ ಪೆಂಟಿಯಂ 4 ಯೋಜನೆಯನ್ನೇ ಕಂಪನಿ ಕೈಬಿಟ್ಟಿತು. ಮರು ವರ್ಷದ ಮೇ ತಿಂಗಳಲ್ಲಿ ಪೆಂಟಿಯಂ ಡಿ ಮಾರುಕಟ್ಟೆಗೆ ಬಂತು.

ಅವಸರದ ಅಡುಗೆಯ ರುಚಿ ಅದರಲ್ಲಿ ಗೊತ್ತಾಗುತ್ತದೆ. ಒಂದೇ ಸಿಲಿಕಾನ್ ತುಣುಕಿನ ಮೇಲೆ ಎರಡು ಪೆಂಟಿಯಂ 4 ಕೋರ್‌ಗಳನ್ನು ಪಕ್ಕಪಕ್ಕದಲ್ಲಿ ಕೂರಿಸಿದ್ದರು. ಒಂದೊಂದಕ್ಕೂ 1 ಎಂಬಿ ಕ್ಯಾಶ್, ಅಂದರೆ ಕೈಗೆಟುಕುವಂಥ ಪುಟ್ಟ ಉಗ್ರಾಣ. ಆದರೆ ಒಂದು ಕೋರ್ ಇನ್ನೊಂದಕ್ಕೆ ಏನಾದರೂ ತಿಳಿಸಬೇಕಾದರೆ ಚಿಪ್ಪಿನ ಹೊರಗಿನ ಫ್ರಂಟ್ ಸೈಡ್ ಬಸ್ಸಿಗೆ ಇಳಿಯಬೇಕು. ಅಣ್ಣತಮ್ಮಂದಿರಿಗೆ ಅಕ್ಕಪಕ್ಕದ ಕೋಣೆ ಕೊಟ್ಟು ನಡುವೆ ಬಾಗಿಲಿಡುವುದನ್ನು ಮರೆತ ಮನೆಯಂತೆ: ಉಪ್ಪು ಕೇಳಲೂ ಬೀದಿಗೆ ಬರಬೇಕು. ಮೆಮೊರಿಗೆ ಹೋಗುವ ದಾರಿಯೂ ಅದೇ ಬೀದಿ. 3.2 ಗಿಗಾಹರ್ಟ್ಸಿನ ಪೆಂಟಿಯಂ ಡಿ 840ಕ್ಕೆ ನಿಗದಿಯಾದ ಶಾಖದ ಮಿತಿ 130 ವಾಟ್. ಅದೇ ಮೇ ತಿಂಗಳ ಕೊನೆಗೆ ಎಎಂಡಿ ತಂದ ಅಥ್ಲಾನ್ 64 ಎಕ್ಸ್2 ಈ ಬಾಗಿಲನ್ನು ಚಿಪ್ಪಿನ ಒಳಗೇ ಇಟ್ಟಿತ್ತು.

ಡೆಸ್ಕ್‌ಟಾಪಿನಲ್ಲಿ ಇಂಟೆಲ್ ಪಾಠ ಕಲಿತದ್ದು 2006ರ ಜುಲೈನಲ್ಲಿ, ಕೋರ್ 2 ಡ್ಯುಯೊ ಮೂಲಕ. ಅದರ ಇ6600 ಓಡಿದ್ದು 2.4 ಗಿಗಾಹರ್ಟ್ಸಿನಲ್ಲಿ, ಶಾಖದ ಮಿತಿ 65 ವಾಟ್, ಅರ್ಧಕ್ಕೆ ಅರ್ಧ. ಆದರೂ ಕೆಲಸದಲ್ಲಿ 840ನ್ನು ಹಿಂದೆ ಹಾಕಿತು. ಗಡಿಯಾರದ ಒಂದೊಂದು ಬಡಿತಕ್ಕೂ ಹೆಚ್ಚು ಕೆಲಸ ಮುಗಿಸುವ ಹೊಸ ವಿನ್ಯಾಸ ಒಂದು ಕಾರಣ. ಇನ್ನೊಂದು, 4 ಎಂಬಿ ಕ್ಯಾಶ್ ಇಬ್ಬರಿಗೂ ಸೇರಿದ ಒಂದೇ ಉಗ್ರಾಣ. ಒಬ್ಬ ಸುಮ್ಮನಿದ್ದರೆ ಮತ್ತೊಬ್ಬ ಹೆಚ್ಚು ಜಾಗ ಬಳಸಬಹುದು.

ಇಷ್ಟಾದರೂ ಎರಡು ಕೋರಿಗೆ ಎರಡರಷ್ಟು ಫಲ ಸಿಗುವುದಿಲ್ಲ. ಜೀನ್ ಆಮ್ಡಾಲ್ 1967ರಲ್ಲೇ ಇದರ ಮೂಲ ಸೂತ್ರ ಹೇಳಿದ್ದರು. 60 ನಿಮಿಷದ ಕೆಲಸದಲ್ಲಿ 30 ನಿಮಿಷದ್ದನ್ನು ಮಾತ್ರ ಹಂಚಿಕೊಳ್ಳಬಹುದಾದರೆ ಇಬ್ಬರು ಸೇರಿದರೂ 45 ನಿಮಿಷ ಬೇಕು. ನೂರು ಮಂದಿ ಬಂದರೂ 30ಕ್ಕಿಂತ ಕೆಳಗಿಳಿಯದು. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು ಇದನ್ನು ಕಣ್ಣಾರೆ ನೋಡಬಹುದಿತ್ತು. ಒಂದೇ ಎಳೆಯಲ್ಲಿ ನಡೆಯುವ ಪ್ರೋಗ್ರಾಂ ಎಷ್ಟೇ ತಿಣುಕಲಿ, ಒಟ್ಟು ಬಳಕೆ ಶೇ. 50ರ ಹತ್ತಿರ ನಿಂತುಬಿಡುತ್ತಿತ್ತು. ಉಳಿದರ್ಧ ಆಕಳಿಸುತ್ತಿತ್ತು.

ಹಾಗೆಂದು ನಾನು ಕೊಟ್ಟ ದುಡ್ಡು ಪೂರಾ ದಂಡವಾಗಲಿಲ್ಲ. ಹಿಂದೆಲ್ಲ ಆ್ಯಂಟಿವೈರಸ್ ತಪಾಸಣೆಗೆ ಇಳಿದರೆ ನಾನು ಎದ್ದು ಕಾಫಿಗೆ ಹೋಗುತ್ತಿದ್ದೆ. ಒತ್ತಿದ ಅಕ್ಷರ ತೆರೆಯ ಮೇಲೆ ಮೂಡುವಷ್ಟರಲ್ಲಿ ವಾಕ್ಯವೇ ಮರೆತಿರುತ್ತಿತ್ತು. ಹೊಸ ಯಂತ್ರದಲ್ಲಿ ತಪಾಸಣೆ ಅದರ ಪಾಡಿಗೆ, ‘ನುಡಿ’ ತಂತ್ರಾಂಶದಲ್ಲಿ ನನ್ನ ಕನ್ನಡ ಟೈಪಿಂಗ್ ಅದರ ಪಾಡಿಗೆ. ಸಾಮಾನ್ಯ ಬಳಕೆದಾರನಿಗೆ ಡ್ಯುಯಲ್ ಕೋರ್ ತಂದ ದೊಡ್ಡ ಲಾಭ ಈ ನಿರಾಳವೇ. ದುರದೃಷ್ಟಕ್ಕೆ ಜಾಹೀರಾತಿನಲ್ಲಿ ಮೆರೆದದ್ದು ಸಂಖ್ಯೆ. ಪೆಂಟಿಯಂ ಡಿ, ಕೋರ್ ಡ್ಯುಯೊ, ಪೆಂಟಿಯಂ ಡ್ಯುಯಲ್ ಕೋರ್, ಕೋರ್ 2 ಡ್ಯುಯೊ ಎಂಬ ಹೆಸರುಗಳ ಗೋಜಲಿನಲ್ಲಿ ಒಳ್ಳೆಯದು, ಕೆಟ್ಟದ್ದು ಎರಡೂ ಒಂದೇ ತಕ್ಕಡಿಯಲ್ಲಿ ತೂಗಿಹೋದವು.

ಇಂದು ಎಂಟು ಕೋರಿನ ಫೋನಿಗೂ ಆಮ್ಡಾಲ್ ಹೇಳಿದ ಮಾತು ಅನ್ವಯಿಸುತ್ತದೆ. ಅಂಗಡಿಯಲ್ಲಿ ಯಾರಾದರೂ ಕೋರ್ ಎಣಿಸಿ ತೋರಿಸಿದರೆ, ನೀವು ದಿನಾ ಮಾಡುವ ಕೆಲಸವನ್ನು ಅಲ್ಲೇ ಒಮ್ಮೆ ಮಾಡಿಸಿ ನೋಡಿ. ಆಮೇಲೆ ಜೇಬಿಗೆ ಕೈ ಹಾಕಿ.